ಸೊಪ್ಪಿನ ಅಡುಗೆ: ಗೃಹಕೃತ್ಯದ ಒಂದು ಪಾಠ

ಸಂತೆಯಲ್ಲಿ ಅತ್ಯಂತ ಸುಲಭವಾಗಿ ದೊರೆಯುವ ಪದಾರ್ಥವೂ ಅಡುಗೆಮನೆಯಲ್ಲಿ ಅತ್ಯಂತ ಅನಾದರಕ್ಕೆ ಪಾತ್ರವಾಗುವ ಪದಾರ್ಥವೂ ಒಂದೇ, ಅದು ಸೊಪ್ಪು. ನೆಂಟರು ಬರುವ ದಿನ ದಂಟಿನ ಸೊಪ್ಪನ್ನು ಕೊಳ್ಳುವವರು ವಿರಳ. ಮಕ್ಕಳು ಅದನ್ನು ತಟ್ಟೆಯ ಅಂಚಿಗೆ ಸರಿಸುವರು. ಗಂಡಸರು ಬಡಿಸಿದರೆ ಉಣ್ಣುವರು, ಬಡಿಸದಿದ್ದರೆ ಕೇಳುವುದಿಲ್ಲ. ಹೀಗಿರುವಾಗ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಸೊಪ್ಪಿನ ವಿಷಯಕ್ಕೆ ಇಷ್ಟು ಪುಟಗಳನ್ನು ಕೊಡಬೇಕೇ ಎಂದು ಕೆಲವರು ಕೇಳಬಹುದು. ಕೊಡಬೇಕೆಂಬುದೇ ನನ್ನ ಅಭಿಪ್ರಾಯ. ಅದರ ಕಾರಣವನ್ನು ಮೊದಲೇ ಹೇಳಿಬಿಡುವೆನು.

2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರ ರಕ್ತವನ್ನು ಪರೀಕ್ಷಿಸಲಾಗಿ, ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ಇಡೀ ಭಾರತದ ಲೆಕ್ಕದಲ್ಲಿ ಆ ಸಂಖ್ಯೆ 57. ಎಂದರೆ, ತರಗತಿಯ ಎರಡು ಸಾಲು ಬೆಂಚುಗಳಲ್ಲಿ ಹೆಚ್ಚುಕಡಮೆ ಒಂದು ಸಾಲಿನಷ್ಟು ಬಾಲಿಕೆಯರ ಮಾತಾಯಿತು. ಅಥವಾ ಒಂದೇ ಮನೆಯ ಅತ್ತೆ ಸೊಸೆಯರಲ್ಲಿ ಒಬ್ಬಳ ಮಾತಾಯಿತು. ಮೆಟ್ಟಿಲು ಹತ್ತುವಾಗ ಏದುಸಿರು, ಸಂಜೆಯಾಗುತ್ತಲೇ ತಲೆಭಾರ, ಪಾಠದಲ್ಲಿ ಮನಸ್ಸು ನಿಲ್ಲದಿರುವುದು, ಇವೆಲ್ಲ ರಕ್ತಹೀನತೆಯ ಗುರುತುಗಳಾಗಿರಬಹುದು. ನಾವಾದರೋ ಇವನ್ನು ಸೋಮಾರಿತನವೆಂದು ಹೆಸರಿಟ್ಟು ಹುಡುಗಿಯನ್ನು ಗದರಿಸುತ್ತೇವೆ. ಈ ಕೊರತೆಗೆ ಕಾರಣಗಳು ಹಲವು, ಎಲ್ಲವೂ ಆಹಾರದವಲ್ಲ. ಆದರೆ ಆಹಾರದಲ್ಲಿ ಕಬ್ಬಿಣದ ಅಂಶವೂ ಫೋಲಿಕ್ ಆಮ್ಲವೆಂಬ ಜೀವಸತ್ತ್ವವೂ ಸಾಲದಿರುವುದು ಮುಖ್ಯವಾದವುಗಳಲ್ಲಿ ಸೇರಿದೆ. ಇವೆರಡೂ ಸೊಪ್ಪಿನಲ್ಲಿ ಉಂಟು.

ಫೋಲಿಕ್ ಆಮ್ಲದ ವೃತ್ತಾಂತವು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಬರತಕ್ಕದ್ದೇ ಆಗಿದೆ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹೆಂಗಸರಿಗೆ ಗರ್ಭಿಣಿಯರಾದಾಗ ಒಂದು ಬಗೆಯ ತೀವ್ರ ರಕ್ತಹೀನತೆ ಬರುತ್ತಿತ್ತು. ಅನೇಕರು ಅದರಿಂದಲೇ ಸಾಯುತ್ತಿದ್ದರು. ಇದು ಅಂಟುರೋಗವಲ್ಲ, ಉಣ್ಣುವ ಆಹಾರದಲ್ಲಿನ ಯಾವುದೋ ಕೊರತೆಯಿಂದ ಆಗುವುದೆಂದು ಆಕೆ ಶಂಕಿಸಿದರು. ಮುಂಬಯಿಯಲ್ಲಿಯೂ ನೀಲಗಿರಿಯ ಕೂನೂರಿನಲ್ಲಿಯೂ ಪರೀಕ್ಷೆಗಳನ್ನು ನಡೆಸಿ, ಯೀಸ್ಟಿನಿಂದ ತಯಾರಾಗುವ ಮಾರ್ಮೈಟ್ ಎಂಬ ಅಗ್ಗದ ಲೇಹವನ್ನು ತಿನ್ನಿಸಿದರೆ ರೋಗಿಗಳು ಚೇತರಿಸಿಕೊಳ್ಳುವರೆಂಬುದನ್ನು 1931ರಲ್ಲಿ ಪ್ರಕಟಪಡಿಸಿದರು. ಆ ಲೇಹದಲ್ಲಿ ಗುಣ ಕೊಟ್ಟ ವಸ್ತು ಯಾವುದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಹತ್ತು ವರ್ಷಗಳ ಮೇಲೆ, 1941ರಲ್ಲಿ, ಅಮೆರಿಕದ ವಿಜ್ಞಾನಿಗಳು ನಾಲ್ಕು ಟನ್ನು ಪಾಲಕ್ ಸೊಪ್ಪನ್ನು ಅರೆದು ಸೋಸಿ ಅದರಿಂದ ಒಂದಿಷ್ಟು ಆಮ್ಲವನ್ನು ಬೇರ್ಪಡಿಸಿ, ಎಲೆಯೆಂಬರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಗರ್ಭಸ್ಥ ಶಿಶುವಿನ ಮೆದುಳು, ಬೆನ್ನುಹುರಿಗಳು ರೂಪುಗೊಳ್ಳುವುದಕ್ಕೂ ಇದು ಅವಶ್ಯಕ. ಆ ಕೆಲಸವಾದರೋ ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿ, ತಾಯಿಗೆ ತಾನು ಗರ್ಭಿಣಿಯೆಂಬುದು ತಿಳಿಯುವ ಮೊದಲೇ, ಮುಗಿದುಹೋಗುವುದು. ಆದುದರಿಂದ ಬಸುರಿಯಾದ ಮೇಲೆ ಸೊಪ್ಪು ತಿನ್ನಿಸಿದರಾಯಿತೆಂಬ ಅಜ್ಜಿಯರ ವಾದ ಸಾಲದು.

ಇಲ್ಲಿಗೆ ಅಡುಗೆಯ ಮಾತಿಗೆ ಬರೋಣ. ಫೋಲಿಕ್ ಆಮ್ಲದಲ್ಲಿ ಎರಡು ದುರ್ಬಲತೆಗಳಿವೆ. ಅದು ಕುದಿಯುವ ಶಾಖಕ್ಕೆ ಕೆಡುವುದು, ನೀರಿಗೆ ಇಳಿದುಹೋಗುವುದು. ಪಾಲಕ್ ಸೊಪ್ಪನ್ನು ನೀರಿನಲ್ಲಿ ಕುದಿಸಿ ಬಸಿದರೆ ಸೊಪ್ಪಿನಲ್ಲಿ ಸುಮಾರು ಅರ್ಧದಷ್ಟು ಮಾತ್ರ ಉಳಿಯುವುದೆಂದೂ, ಹಬೆಯಲ್ಲಿ ಬೇಯಿಸಿದರೆ ಹೆಚ್ಚು ನಷ್ಟವಾಗುವುದಿಲ್ಲವೆಂದೂ ಪರೀಕ್ಷೆಗಳಿಂದ ಗೊತ್ತಾಗಿದೆ. ಈಗ ನಮ್ಮ ಮೈಸೂರು ಸೀಮೆಯ ಬಸ್ಸಾರನ್ನು ನೆನೆಯಿರಿ. ಬಸಿದ ಸಾರೇ ಬಸ್ಸಾರು. ಬೇಳೆ ಸೊಪ್ಪುಗಳನ್ನು ಬೇಯಿಸಿ, ಆ ನೀರನ್ನು ಮೋರಿಗೆ ಚೆಲ್ಲದೆ ಅದರಿಂದಲೇ ಸಾರನ್ನು ಮಾಡಿ, ಉಳಿದ ಸೊಪ್ಪು ಬೇಳೆಗಳಿಂದ ಪಲ್ಯ ಮಾಡುವ ಈ ಕ್ರಮವನ್ನು ಕಂಡುಹಿಡಿದ ಒಕ್ಕಲಗಿತ್ತಿಗೆ ಜೀವಸತ್ತ್ವದ ಹೆಸರು ತಿಳಿದಿರಲಿಲ್ಲ. ಒಂದೇ ಒಲೆಯ ಉರಿಯಲ್ಲಿ, ಒಂದೇ ಪಾತ್ರೆಯಲ್ಲಿ, ಎರಡು ಅಡುಗೆಗಳಾಗಬೇಕೆಂಬುದಷ್ಟೇ ಅವಳ ಉದ್ದೇಶವಾಗಿದ್ದಿರಬೇಕು. ಆದರೂ ನೀರಿಗೆ ಇಳಿದ ಸತ್ತ್ವ ಸಾರಿನಲ್ಲಿ ಮರಳಿ ತಟ್ಟೆಗೆ ಬಂದಿತು.

ನಾಲ್ವರಿಗೆ ಬಸ್ಸಾರು ಮಾಡುವ ಕ್ರಮವನ್ನು ಹೇಳುವೆನು. ತೊಗರಿಬೇಳೆ 150 ಗ್ರಾಂ. ದಂಟು, ಸಬ್ಬಸಿಗೆ ಮುಂತಾದ ಸೊಪ್ಪು ಬಿಡಿಸಿದ ಮೇಲೆ 400 ಗ್ರಾಂ. ನೀರು ಒಂದೂವರೆ ಲೀಟರು. ಬೇಳೆಯ ಬದಲು ಹೆಸರುಕಾಳು, ಅಲಸಂದೆ, ಹುರುಳಿ ಯಾವುದಾದರೂ ಆಗಬಹುದು. ಕಾಳಾದರೆ ಹಿಂದಿನ ರಾತ್ರಿ ನೆನೆಯಿಡತಕ್ಕದ್ದು, ಮೊಳಕೆ ಬರಿಸಿದರೆ ಇನ್ನೂ ಉತ್ತಮ. ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸಬೇಕು. ಕುಕ್ಕರಿನಲ್ಲಿಟ್ಟರೆ ಕರಗಿ ಹಿಟ್ಟಾಗಿ ಪಲ್ಯಕ್ಕೆ ಬಾರದು. ಬೆರಳಿನಿಂದ ಒತ್ತಿದರೆ ಒಡೆಯುವಂತೆ, ಆದರೆ ಆಕಾರ ಕೆಡದಂತೆ ಬೆಂದಿರಬೇಕು. ಹಳೆಯ ಕ್ರಮದಲ್ಲಿ ಸೊಪ್ಪನ್ನೂ ಬೇಳೆಯೊಡನೆಯೇ ಹಾಕಿ ಅರ್ಧ ಗಂಟೆಯವರೆಗೆ ಕುದಿಸುವುದು ಹಲವು ಮನೆಗಳಲ್ಲಿ ರೂಢಿ. ಇಲ್ಲಿಯೇ ನಾವು ಮಾಡಬೇಕಾದ ಮೊದಲನೆಯ ಬದಲಾವಣೆ. ಬೇಳೆ ಪೂರ್ಣವಾಗಿ ಬೆಂದ ಮೇಲೆ ಉಪ್ಪನ್ನೂ ಹೆಚ್ಚಿದ ಸೊಪ್ಪನ್ನೂ ಹಾಕಿ, ಐದಾರು ನಿಮಿಷ ಮಾತ್ರ ಕುದಿಸಿ ಕೂಡಲೇ ಬಸಿಯತಕ್ಕದ್ದು. ದಂಟಿನ ಕಾಂಡಗಳಿದ್ದರೆ ಅವನ್ನು ಎಲೆಗಿಂತ ಐದು ನಿಮಿಷ ಮುಂಚಿತವಾಗಿ ಹಾಕಬಹುದು. ಹೀಗೆ ಮಾಡಿದರೆ ಸೊಪ್ಪಿನ ಹಸಿರು ಬಣ್ಣ ಕೆಡುವುದಿಲ್ಲ; ಪಲ್ಯವು ಹುಲ್ಲಿನ ಮುದ್ದೆಯಂತೆ ಆಗುವುದಿಲ್ಲ; ತಟ್ಟೆಯ ಅಂಚಿಗೆ ಸರಿಸುವ ಮಕ್ಕಳ ಸಂಖ್ಯೆಯೂ ಕಡಮೆಯಾಗುವುದು.

ಇನ್ನು ಮಸಾಲೆ. ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ನಾಲ್ಕು ಒಣಮೆಣಸಿನಕಾಯಿ, ಇವನ್ನು ಒಂದಿಷ್ಟು ಎಣ್ಣೆಯಲ್ಲಿ ಹುರಿದು, ಒಂದು ಹಿಡಿ ತೆಂಗಿನ ತುರಿ, ಗೋಲಿ ಗಾತ್ರದ ಹುಣಿಸೆಹಣ್ಣು, ಬಸಿದಿಟ್ಟ ಬೇಳೆ ಸೊಪ್ಪಿನಿಂದ ಎರಡು ಸೌಟು ಇವುಗಳೊಂದಿಗೆ ನುಣ್ಣಗೆ ರುಬ್ಬಿ, ಬಸಿದ ಕಟ್ಟಿಗೆ ಬೆರಸಿ ಒಂದು ಕುದಿ ಬರಿಸಬೇಕು. ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಬೇಳೆ ಸೊಪ್ಪನ್ನು ರುಬ್ಬುವಾಗ ಸೇರಿಸುವುದನ್ನು ಕೆಲವರು ಅನಾವಶ್ಯಕವೆಂದು ಬಿಡುವರು. ಬಿಡಕೂಡದು, ಸಾರಿಗೆ ಮೈ ಬರುವುದು ಅದರಿಂದಲೇ. ಹುಣಿಸೆಯ ಬದಲು ಕೆಂಡದ ಮೇಲೆಯೋ ಒಲೆಯ ಉರಿಯ ಮೇಲೆಯೋ ಸುಟ್ಟ ಎರಡು ಟೊಮೇಟೋಗಳನ್ನು ಸಿಪ್ಪೆ ಸುಲಿದು ರುಬ್ಬಿ ನೋಡಿರಿ. ಸಾರಿಗೆ ಸುಟ್ಟ ಬದನೆಯ ಗೊಜ್ಜಿನಲ್ಲಿರುವಂಥ ಒಂದು ಹೊಗೆಯ ರುಚಿ ಬರುವುದು. ಈ ಬದಲಾವಣೆಯನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುವೆನು. ಆದರೆ ಬಸ್ಸಾರಿಗೆ ಚಕ್ಕೆ ಲವಂಗಗಳನ್ನು ಹಾಕಿ ಹೊಸತನವೆಂದು ಹೇಳುವವರೊಡನೆ ನನಗೆ ಸಹಮತವಿಲ್ಲ. ಸಬ್ಬಸಿಗೆಯ ಪರಿಮಳವನ್ನು ಕೊಂದು ಅದರ ಮೇಲೆ ಗರಂ ಮಸಾಲೆಯನ್ನು ಕೂರಿಸುವುದಾದರೆ ಸೊಪ್ಪನ್ನು ತಂದದ್ದೇಕೆ?

ಎರಡನೆಯ ಬದಲಾವಣೆ ಹುಳಿಗೆ ಸಂಬಂಧಿಸಿದುದು. ಸೊಪ್ಪಿನಲ್ಲಿಯೂ ಕಾಳಿನಲ್ಲಿಯೂ ಇರುವ ಕಬ್ಬಿಣವನ್ನು ನಮ್ಮ ದೇಹವು ಸುಲಭವಾಗಿ ಹೀರಿಕೊಳ್ಳದು. ಅದೇ ತುತ್ತಿನಲ್ಲಿ ಸಿ ಜೀವಸತ್ತ್ವ ಇದ್ದರೆ ಹೀರಿಕೊಳ್ಳುವ ಪ್ರಮಾಣ ಹೆಚ್ಚುವುದು. ಸಿ ಜೀವಸತ್ತ್ವವೂ ಶಾಖಕ್ಕೆ ಕೆಡುವಂಥದಾದ್ದರಿಂದ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ, ಬಡಿಸುವ ಹೊತ್ತಿಗೆ, ನಿಂಬೆಹಣ್ಣನ್ನು ಹಿಂಡಬೇಕು. ಕುದಿಯುವಾಗ ಹಿಂಡಿದರೆ ಹುಳಿ ಉಳಿಯುವುದು, ಗುಣ ಕುಗ್ಗುವುದು. ನೆಲ್ಲಿಕಾಯಿಯ ಕಾಲದಲ್ಲಿ ಒಂದು ನೆಲ್ಲಿಕಾಯಿಯನ್ನು ತುರಿದು ಪಲ್ಯದ ಮೇಲೆ ಉದುರಿಸಿದರೆ ನಿಂಬೆಗಿಂತ ಮೇಲು. ಊಟದ ಹಿಂದೆಯೇ ಕಾಫಿಯನ್ನೋ ಚಹವನ್ನೋ ಕುಡಿಯುವ ಅಭ್ಯಾಸವು ಇದಕ್ಕೆ ವಿರೋಧಿ. ಅವುಗಳಲ್ಲಿನ ಒಗರು ಪದಾರ್ಥವು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದು. ಒಂದು ಗಂಟೆ ತಡೆದು ಕುಡಿದರೆ ಯಾರ ಗಂಟೂ ಹೋಗುವುದಿಲ್ಲ. ಪಲ್ಯವನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡುವುದು ಸಹ ಒಳ್ಳೆಯದು. ಆದರೆ ಆದ ಕೂಡಲೇ ಬೇರೆ ಪಾತ್ರೆಗೆ ತೆಗೆಯಬೇಕು, ಹುಳಿ ಬಿದ್ದ ಮೇಲೆ ಅದರಲ್ಲಿಯೇ ಬಿಟ್ಟರೆ ಕಪ್ಪಾಗಿ ಲೋಹದ ವಾಸನೆ ಹೊಡೆಯುವುದು.

ಬಸ್ಸಾರಿನ ಸಮೀಪದ ಬಂಧು ಮಸ್ಸೊಪ್ಪು. ಇದರಲ್ಲಿ ಬಸಿಯುವುದೇ ಇಲ್ಲ. ಬೆಂದ ಸೊಪ್ಪು ಬೇಳೆಗಳನ್ನು ಹಸಿಮೆಣಸಿನಕಾಯಿ, ಈರುಳ್ಳಿ, ಹುಣಿಸೆಗಳೊಂದಿಗೆ ಮಸೆದು ಒಗ್ಗರಣೆ ಕೊಡುವರು. ಹೊಲದ ಬದುಗಳಲ್ಲಿ ಬೆಳೆಯುವ ಅಣ್ಣೆ, ಗಣಿಕೆ, ಹೊನಗೊನೆ ಮುಂತಾದವನ್ನು ಕಲೆಸಿದ ಬೆರಕೆ ಸೊಪ್ಪು ಇದಕ್ಕೆ ಶ್ರೇಷ್ಠ. ಪಟ್ಟಣದಲ್ಲಿ ಬೆಳೆದ ನಮ್ಮ ಹುಡುಗಿಯರು ಈ ಹೆಸರುಗಳನ್ನೇ ಕೇಳಿರಲಾರರು. ಗುರುತು ಬಲ್ಲ ಹಿರಿಯರಿಲ್ಲದೆ ಬೇಲಿಯ ಸೊಪ್ಪನ್ನು ಕೀಳುವ ಸಾಹಸಕ್ಕೆ ಹೋಗಬಾರದು. ಪೇಟೆಯಲ್ಲಿ ಸಿಕ್ಕುವ ಮೂರು ಬಗೆಯ ಸೊಪ್ಪನ್ನು ಸೇರಿಸಿದರೂ ಸಾಕು. ಹುರುಳಿಯ ಮೊಳಕೆಯನ್ನು ಬೇಳೆಯ ಬದಲು ಹಾಕಿ ಮಾಡಿದ ಮಸ್ಸೊಪ್ಪು ರಾಗಿ ಮುದ್ದೆಗೆ ಬಹಳ ಸೊಗಸು.

ಶಾಖವೇ ಶತ್ರುವಾದರೆ ಒಲೆಯನ್ನೇ ಬಿಟ್ಟರಾಗದೇ ಎಂದು ಜಾಣ ವಿದ್ಯಾರ್ಥಿನಿ ಕೇಳಬಹುದು. ಅದಕ್ಕೆ ಉತ್ತರವೂ ನಮ್ಮಲ್ಲಿಯೇ ಇದೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಒಂದೆಲಗದ ಹಸಿ ಎಲೆಗಳನ್ನು, ತುಪ್ಪದಲ್ಲಿ ಹುರಿದ ಜೀರಿಗೆ ಮೆಣಸುಗಳನ್ನು, ತೆಂಗಿನ ತುರಿಯೊಡನೆ ರುಬ್ಬಿ ಮಜ್ಜಿಗೆಯಲ್ಲಿ ಕದಡಿ ತಂಬುಳಿ ಮಾಡುವರು. ಅದನ್ನು ಕುದಿಸುವುದಿಲ್ಲ. ಹತ್ತು ನಿಮಿಷಗಳಲ್ಲಿ ಮುಗಿಯುವ ಈ ಅಡುಗೆ ಕಚೇರಿಗೆ ಹೋಗುವ ಹೆಣ್ಣುಮಕ್ಕಳಿಗೆ ಹೇಳಿಮಾಡಿಸಿದಂತಿದೆ. ಒಂದೆಲಗ ಸಿಗದ ಊರುಗಳಲ್ಲಿ ಎಳೆಯ ಮೂಲಂಗಿ ಸೊಪ್ಪನ್ನು ಉಪಯೋಗಿಸಿರಿ. ಅದರ ಲಘುವಾದ ಕಾರ ಮಜ್ಜಿಗೆಗೆ ಚೆನ್ನಾಗಿ ಹೊಂದುವುದು. ಮೂಲಂಗಿಯನ್ನು ಕೊಂಡು ಅದರ ಸೊಪ್ಪನ್ನು ಅಂಗಡಿಯವನಿಗೇ ಕಿತ್ತುಕೊಡುವ ಪದ್ಧತಿಯನ್ನು ಕಂಡಾಗ ನನಗೆ ವ್ಯಥೆಯಾಗುವುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಸಿ ಮೆಂತ್ಯದ ಎಳೆ ಸೊಪ್ಪನ್ನು ಈರುಳ್ಳಿಯೊಡನೆ ಹೆಚ್ಚಿ, ಉಪ್ಪು, ಎಣ್ಣೆ, ಗುರೆಳ್ಳಿನ ಪುಡಿ ಕಲೆಸಿ ಪಚಡಿ ಮಾಡಿ ಜೋಳದ ರೊಟ್ಟಿಯೊಡನೆ ತಿನ್ನುವರು. ದಕ್ಷಿಣದವರ ಹೆಸರುಬೇಳೆಯ ಕೋಸಂಬರಿಯನ್ನೂ ಈ ಪಚಡಿಯನ್ನೂ ಒಂದುಗೂಡಿಸಬಹುದು. ನೆನೆದ ಹೆಸರುಬೇಳೆ ಎರಡು ಪಾಲು, ಸಣ್ಣಗೆ ಹೆಚ್ಚಿದ ಮೆಂತ್ಯ ಒಂದು ಪಾಲು, ಒಂದು ಚಮಚ ಗುರೆಳ್ಳಿನ ಪುಡಿ, ನಿಂಬೆಯ ರಸ, ತೆಂಗಿನ ತುರಿ. ಉಪ್ಪನ್ನು ಬಡಿಸುವಾಗ ಮಾತ್ರ ಹಾಕಬೇಕು. ಮುಂಚೆ ಹಾಕಿದರೆ ನೀರೊಡೆಯುವುದು. ಮೆಂತ್ಯದ ಕಹಿಗೆ ಹೆದರುವವರು ಒಂದಿಷ್ಟು ದಾಳಿಂಬೆ ಕಾಳನ್ನು ಸೇರಿಸಬಹುದು. ಹಸಿ ಸೊಪ್ಪಿನ ಅಡುಗೆಗಳಲ್ಲಿ ಶುಚಿ ಪ್ರಧಾನ. ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ ಸೊಪ್ಪನ್ನು ಅದ್ದಿ ಮೇಲಕ್ಕೆತ್ತಬೇಕು, ಮಣ್ಣು ತಳದಲ್ಲಿ ನಿಲ್ಲುವುದು. ಮೂರು ಸಲ ನೀರು ಬದಲಿಸತಕ್ಕದ್ದು. ತೊಳೆದ ಮೇಲೆ ಹೆಚ್ಚಬೇಕೇ ಹೊರತು ಹೆಚ್ಚಿದ ಮೇಲೆ ತೊಳೆಯಕೂಡದು.

ಎಲ್ಲ ಹಳೆಯ ಕ್ರಮಗಳನ್ನೂ ಹೀಗೆ ಚುಟುಕುಗೊಳಿಸಬಹುದೆಂದು ಮಾತ್ರ ತಿಳಿಯಬಾರದು. ಪತ್ರೊಡೆ ಇದಕ್ಕೆ ಒಳ್ಳೆಯ ನಿದರ್ಶನ. ಕೆಸುವಿನೆಲೆಯಲ್ಲಿ ಸೂಜಿಯಾಕಾರದ ಅತಿಸೂಕ್ಷ್ಮವಾದ ಹರಳುಗಳಿದ್ದು, ಅವು ನಾಲಗೆ ಗಂಟಲುಗಳನ್ನು ಚುಚ್ಚುವುದರಿಂದಲೇ ತುರಿಕೆಯುಂಟಾಗುವುದು. ಅಕ್ಕಿಯ ಹಿಟ್ಟಿಗೆ ಹುಣಿಸೆಯನ್ನು ಧಾರಾಳವಾಗಿ ಹಾಕುವುದೂ ಮುಕ್ಕಾಲು ಗಂಟೆ ಹಬೆಯಲ್ಲಿಡುವುದೂ ರುಚಿಗೆ ಮಾತ್ರವಲ್ಲ, ಈ ತುರಿಕೆಯ ನಿವಾರಣೆಗೆ. ಹುಣಿಸೆ ಕಡಮೆ ಮಾಡಿ, ಇಪ್ಪತ್ತು ನಿಮಿಷಕ್ಕೆ ಇಳಿಸಿ ಹೊಸ ಪತ್ರೊಡೆಯೆಂದು ಬಡಿಸಿದರೆ ನೆಂಟರು ಮರುದಿನ ಬರಲಾರರು. ಬದಲಿಸುವುದಾದರೆ ಅಕ್ಕಿಯ ಕಾಲು ಪಾಲಿಗೆ ನವಣೆಯನ್ನು ನೆನೆಸಿ ರುಬ್ಬಿರಿ. ಬೆಂದ ಸುರುಳಿಗಳನ್ನು ಬಿಲ್ಲೆಗಳಾಗಿ ಕೊಯ್ದು, ಸ್ವಲ್ಪ ತೆಂಗಿನೆಣ್ಣೆಯಲ್ಲಿ ಕಾವಲಿಯ ಮೇಲೆ ಗರಿಗರಿಯಾಗಿ ಸುಟ್ಟು, ಮೇಲೆ ಎಳ್ಳನ್ನು ಉದುರಿಸಿರಿ. ಹುಳಿಯ ಮತ್ತು ಹಬೆಯ ಕೆಲಸಕ್ಕೆ ಕೈ ಹಚ್ಚಬೇಡಿರಿ.

ಕರಾವಳಿಯಲ್ಲಿ ಬಸಳೆಯೊಡನೆ ಸಿಗಡಿಯನ್ನು ಸೇರಿಸಿ ಮಾಡುವ ಪದಾರ್ಥವೂ ಬುದ್ಧಿವಂತರ ಅಡುಗೆ. ಮೀನು ಮಾಂಸಗಳು ಜೊತೆಗಿದ್ದರೆ ಸೊಪ್ಪಿನ ಕಬ್ಬಿಣವೂ ದೇಹಕ್ಕೆ ಹೆಚ್ಚಾಗಿ ಹತ್ತುವುದು. ಒಂದು ಹಿಡಿ ಒಣ ಸಿಗಡಿಯನ್ನು ಹುರಿದು ಪುಡಿಮಾಡಿ ದಂಟಿನ ಪಲ್ಯದ ಮೇಲೆ ಉದುರಿಸಿದರೆ ಅಲ್ಪ ವೆಚ್ಚದಲ್ಲಿ ಅದೇ ಗುಣ ಬರುವುದು. ರಕ್ತಕ್ಕೆ ಬೇಕಾದ ಬಿ12 ಎಂಬ ಇನ್ನೊಂದು ಜೀವಸತ್ತ್ವ ಯಾವ ಸೊಪ್ಪಿನಲ್ಲಿಯೂ ಇಲ್ಲ. ಮೀನು ಮಾಂಸ ಮೊಟ್ಟೆಗಳನ್ನು ಬಿಟ್ಟವರು ಹಾಲು ಮೊಸರುಗಳನ್ನು ಬಿಡಬಾರದು.

ನುಗ್ಗೆಸೊಪ್ಪಿನ ವಿಷಯವಾಗಿ ಈಚೆಗೆ ಬಹಳ ಅತಿಶಯೋಕ್ತಿಗಳು ಹಬ್ಬಿವೆ. ಅದು ಉತ್ತಮವಾದ ಸೊಪ್ಪೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಣಗಿಸಿದ ಪುಡಿಯ ಅಂಕಿಗಳನ್ನು ಹಸಿ ಸೊಪ್ಪಿನ ಅಂಕಿಗಳೆಂದು ಹೇಳುವುದು ಸರಿಯಲ್ಲ. ನೀರು ಆರಿಹೋದ ಮೇಲೆ ನೂರು ಗ್ರಾಮಿನಲ್ಲಿ ಎಲ್ಲವೂ ಹೆಚ್ಚಾಗಿಯೇ ಕಾಣುವುದು. ಚಮಚ ಪುಡಿಯನ್ನು ನೀರಿನಲ್ಲಿ ಕದಡಿ ಮೂಗು ಮುಚ್ಚಿಕೊಂಡು ಕುಡಿಯುವುದಕ್ಕಿಂತ ಎರಡು ಹಿಡಿ ಎಲೆಗಳನ್ನು ರಾಗಿ ರೊಟ್ಟಿಯ ಹಿಟ್ಟಿಗೆ ಕಲೆಸಿ ತಟ್ಟುವುದು ಲೇಸು. ಪಾಲಕ್ ದಂಟುಗಳಲ್ಲಿ ಆಕ್ಸಾಲಿಕ್ ಆಮ್ಲ ಹೆಚ್ಚು. ಅದು ಸುಣ್ಣದ ಅಂಶವನ್ನು ಕಟ್ಟಿಹಾಕುವುದು. ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಇವನ್ನು ತಿನ್ನಬೇಕು. ಅಂಥವರಿಗೆ ಬಸಿದ ನೀರಿನ ಸಾರು ತಕ್ಕುದಲ್ಲ, ಆ ಆಮ್ಲದ ಒಂದು ಭಾಗ ನೀರಿಗೇ ಇಳಿದಿರುವುದು.

ತಾಯಂದಿರಿಗೆ ಇನ್ನೊಂದು ಮಾತು. ಅಡುಗೆ ಎಷ್ಟೇ ಚೆನ್ನಾಗಿರಲಿ, ಬೇಕಾದವರ ತಟ್ಟೆಗೆ ಬೀಳದಿದ್ದರೆ ಪ್ರಯೋಜನವೇನು? ನಮ್ಮ ಮನೆಗಳಲ್ಲಿ ಗಂಡಸರಾದ ಮೇಲೆ ಮಕ್ಕಳು, ಮಕ್ಕಳಾದ ಮೇಲೆ ಅಡುಗೆ ಮಾಡಿದವಳು. ಅವಳ ಪಾಲಿಗೆ ಬರುವ ಹೊತ್ತಿಗೆ ಪಲ್ಯದ ಬಾಣಲೆ ಬರಿದಾಗಿ, ಸಾರಿನ ತಿಳಿ ಮಾತ್ರ ಉಳಿದಿರುವುದು. ರಕ್ತಹೀನತೆ ಯಾರಲ್ಲಿ ಹೆಚ್ಚೋ ಅವರೇ ಸೊಪ್ಪನ್ನು ಎಲ್ಲರಿಗಿಂತ ಕಡಮೆ ತಿನ್ನುವವರಾದರು. ಬಡಿಸುವ ಮೊದಲೇ ಮನೆಯಲ್ಲಿರುವ ತಲೆಗಳಷ್ಟು ಬಟ್ಟಲುಗಳನ್ನಿಟ್ಟು ಪಲ್ಯವನ್ನು ಸಮನಾಗಿ ಹಂಚಿಬಿಡಿರಿ. ನಿಮ್ಮ ಬಟ್ಟಲನ್ನು ಮುಚ್ಚಿಡಿರಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ನೀಲಿ ಮಾತ್ರೆಯನ್ನು ಮಗಳು ಚರಂಡಿಗೆಸೆಯದೆ ನುಂಗಿದಳೇ ಎಂದು ವಿಚಾರಿಸಿರಿ. ಸೊಪ್ಪು ಮಾತ್ರೆಗೆ ಬದಲಲ್ಲ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡವರು ವೈದ್ಯರು ಹೇಳಿದಷ್ಟು ಕಾಲ ಔಷಧವನ್ನು ತೆಗೆದುಕೊಳ್ಳಲೇಬೇಕು.

ಬಸ್ಸಾರು ಮರುದಿನಕ್ಕೆ ಇನ್ನೂ ರುಚಿಯೆಂದು ಮೈಸೂರು, ಮಂಡ್ಯದ ಕಡೆಯವರು ಹೇಳುವರು, ಅದು ನಿಜ. ಸಾರು ಬೇಗನೆ ಆರುವಂತೆ ಅಗಲ ಪಾತ್ರೆಗೆ ಬಗ್ಗಿಸಿ ಶೀತಪೆಟ್ಟಿಗೆಯಲ್ಲಿಟ್ಟು, ಮಾರನೆಯ ದಿನ ಬೇಕಾದಷ್ಟನ್ನು ಮಾತ್ರ ತೆಗೆದು ಚೆನ್ನಾಗಿ ಕುದಿಸತಕ್ಕದ್ದು. ಪಲ್ಯ ಉಳಿದಿದ್ದರೆ ಅದಕ್ಕೆ ಸಮನಾಗಿ ಅಕ್ಕಿಹಿಟ್ಟನ್ನೂ ಒಂದು ಹಸಿಮೆಣಸಿನಕಾಯಿಯ ಚೂರನ್ನೂ ಸೇರಿಸಿ, ನೀರಿನ ಬದಲು ಬಿಸಿಮಾಡಿದ ಅದೇ ಸಾರಿನಿಂದ ಕಲೆಸಿರಿ. ಬಾಳೆಎಲೆಯ ಮೇಲೆ ತೆಳ್ಳಗೆ ತಟ್ಟಿ, ನಡುವೆ ಬೆರಳಿನಿಂದ ಮೂರು ತೂತು ಮಾಡಿ, ಕಾವಲಿಯ ಮೇಲೆ ಎರಡೂ ಮಗ್ಗುಲು ಬೇಯಿಸಿರಿ. ಉಪ್ಪು ಹಾಕಬೇಕಾಗಿಲ್ಲ, ಸಾರಿನಲ್ಲಿಯೇ ಇದೆ. ಶಾಲೆಯ ಡಬ್ಬಿಗೆ ಹಾಕುವಾಗ ಒಂದು ಸೀಳು ನಿಂಬೆಯನ್ನು ಕಾಗದದಲ್ಲಿ ಸುತ್ತಿ ಜೊತೆಗಿಡಿರಿ.